ಬ್ಲೂಟೂತ್ ಬಿಪಿ ಮಷೀನ್: ಕೊಂಡವರೇ ಯಾಕೆ ಮೂಲೆಗಿಡುತ್ತಾರೆ?

ನಿಖರತೆ ಪರೀಕ್ಷಿಸಿ ಮಾನ್ಯತೆ ಪಡೆದ ಮಾದರಿಯಾದರೆ, ತೋಳಿಗೆ ಕಟ್ಟಿ ನೋಡಿದ ಬಿಪಿಯನ್ನು ಫೋನಿನ ಆಪ್‌ಗೆ ಕಳಿಸುವ ಬ್ಲೂಟೂತ್ ಬಿಪಿ ಮಷೀನಿನ ಅಳತೆಯ ಮೇಲೆ ದೂರಿಲ್ಲ. ಒಳಗೆ ಅಳೆಯುವ ವಿಧಾನ ಸಾದಾ ಡಿಜಿಟಲ್ ಮಷೀನಿನದ್ದೇ. ಜನ ಬೇಸತ್ತು ಕೈಬಿಡುವುದು ಬೇರೆ ಕಾರಣಗಳಿಗೆ.

ಮೊದಲನೆಯದು ತೋಳಿನ ಪಟ್ಟಿ. ಅದು ತೋಳಿಗೆ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ಗಾಬರಿಯಾಗಿ ತಕ್ಷಣ ಇನ್ನೊಮ್ಮೆ ನೋಡಿದರೆ ಮತ್ತೂ ಹೆಚ್ಚಬಹುದು, ಅಲ್ಲಿಗೆ ನಂಬಿಕೆ ಹೋಯಿತು. ಭುಜ ಮತ್ತು ಮೊಣಕೈ ನಡುವೆ ಟೇಪಿನಿಂದ ಸುತ್ತಳತೆ ತೆಗೆದು, ಪಟ್ಟಿಯ ಮೇಲೆ ಅಚ್ಚಾದ ಸೆಂ.ಮೀ. ಮಿತಿಯೊಳಗೆ ಬರುತ್ತದೆಯೇ ನೋಡಿ ಕೊಳ್ಳಿ. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂತು, ಬರಿ ತೋಳಿಗೆ ಪಟ್ಟಿ ಕಟ್ಟಿ, ಅದು ಎದೆಯ ಮಟ್ಟದಲ್ಲಿರುವಂತೆ ಕೈಯನ್ನು ಮೇಜಿನ ಮೇಲಿಡಿ. 1 ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಮಾತಾಡಬೇಡಿ.

ಪೇರಿಂಗ್, ಅಂದರೆ ಮಷೀನನ್ನು ಫೋನಿಗೆ ಜೋಡಿಸುವುದು, ಅಂತೂ ತಲೆನೋವೇ. ಹೆಚ್ಚಿನವುಗಳನ್ನು ಫೋನಿನ ಸೆಟ್ಟಿಂಗ್ಸ್‌ನಿಂದಲ್ಲ, ಆಪ್ ಒಳಗಿನಿಂದ ಜೋಡಿಸಬೇಕು. ಆಂಡ್ರಾಯ್ಡ್ 6ರಿಂದ 11ರವರೆಗಿನ ಫೋನುಗಳಲ್ಲಿ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿಯೂ ಬೇಕು. "ಬಿಪಿ ನೋಡೋಕೆ ನಾನೆಲ್ಲಿದ್ದೀನಿ ಅಂತ ಯಾಕೆ?" ಅಂತ ಅನುಮಾನ ಬಂದರೆ ತಪ್ಪೇನಿಲ್ಲ, ಆಪ್ ಕಾರಣ ವಿವರಿಸದಿದ್ದರೆ ಅದು ಆಪ್‌ನ ಸೋಲು. ಒಮ್ಮೆ ಜೋಡಿಸಿದ ಮೇಲೂ ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಆಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುತ್ತದೆ. ಆ ಆಪ್‌ಗೆ ಮಾತ್ರ ನಿರ್ಬಂಧ ತೆಗೆದರಾಯಿತು.

ಇನ್ನು ಮನೆಯವರ ಕಣ್ಗಾವಲು. ಪ್ರತಿ ಅಳತೆಯೂ ಮಗನ ಫೋನಿಗೆ ಹೋಗಿ, "ಅಪ್ಪಾ, ಮಾತ್ರೆ ಮರೆತ್ರಾ?" ಅಂತ ಕರೆ ಬರತೊಡಗಿದರೆ, ಅಪ್ಪ ಬಿಪಿ ನೋಡುವುದನ್ನೇ ಬಿಡುತ್ತಾರೆ. ತಾನಾಗಿ ಹಂಚಿಕೆಯಾಗುವುದನ್ನು ನಿಲ್ಲಿಸಿ, ಡಾಕ್ಟರ ಬಳಿ ಹೋಗುವ ಮುಂಚೆ ಪಿಡಿಎಫ್ ತೆಗೆದುಕೊಂಡರೆ ಸಾಕು.

ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್ ನೋಡಿ: ಅಂಟಿನಿಂದ ಕೆಲವರಿಗೆ ತುರಿಕೆ, ಅದರ ಮೇಲೆ ಮಗ್ಗುಲಾದರೆ ನಡುರಾತ್ರಿ ಸಕ್ಕರೆ ಇಳಿದಿದೆ ಎಂಬ ಸುಳ್ಳು 'ಲೋ' ಅಲಾರಂ. ಆದರೂ ಬಹಳ ಜನ ಸಹಿಸಿಕೊಳ್ಳುತ್ತಾರೆ, ಯಾಕೆಂದರೆ ತಿಂದದ್ದರ ಪರಿಣಾಮ ಗಂಟೆಯೊಳಗೆ ಗ್ರಾಫಿನಲ್ಲಿ ಕಾಣುತ್ತದೆ. ಬಿಪಿಗೆ ಆ ಭಾಗ್ಯವಿಲ್ಲ: ಹೆಚ್ಚಿದ್ದರೂ ಸಾಮಾನ್ಯವಾಗಿ ಮೈಗೆ ಗೊತ್ತಾಗುವುದಿಲ್ಲ. ಹಾಗಾಗಿ ಡಾಕ್ಟರು ಆಪ್‌ನಲ್ಲಿರುವ ಅಳತೆಗಳನ್ನು ನೋಡಿ ಮಾತ್ರೆ ಹೊಂದಿಸುವವರಾದರೆ ಮಾತ್ರ ಬ್ಲೂಟೂತ್‌ಗೆ ಹೆಚ್ಚು ದುಡ್ಡು ಕೊಡಿ. ಇಲ್ಲವಾದರೆ ಸಾದಾ ಮಷೀನು, ಒಂದು ನೋಟ್‌ಬುಕ್ ಧಾರಾಳ.

ಕೊಳ್ಳುವುದೇ ಆದರೆ ಸ್ವಂತ ಪರದೆ, ಸ್ವಂತ ಮೆಮೊರಿ ಇರುವುದನ್ನೇ ಆರಿಸಿ. ಪರದೆಯಿಲ್ಲದ್ದು ಫೋನ್ ಚಾರ್ಜ್ ಮುಗಿದರೆ ಬರೀ ಗಾಳಿ ತುಂಬುವ ಡಬ್ಬಿ.