ಡೆಬಿಯನ್ 12, 13: ಮಡಿ ಸಡಿಲಿಸಿದ ಮೇಲೆ ಹೇಗಿದೆ? ಹಳೇ ಲ್ಯಾಪ್‌ಟಾಪ್‌ಗಳ ಮೇಲಿನ ದೀರ್ಘ ಬಳಕೆಯ ವಿಮರ್ಶೆ

ಬಳಕೆಯ ಅವಧಿ: ಜೂನ್ 2023ರಲ್ಲಿ ಡೆಬಿಯನ್ 12 ಬಂದಾಗಿನಿಂದ, ಈಗ 13.
ಯಂತ್ರಗಳು: ಮೈಸೂರು, ಮಂಡ್ಯದ ಅಂಗಡಿಗಳಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಥರದವು, ಜೊತೆಗೆ ವಿದ್ಯಾರ್ಥಿಗಳ ಅಗ್ಗದ ಲ್ಯಾಪ್‌ಟಾಪ್‌ಗಳು.
ಅಂಕ: ಐದಕ್ಕೆ ನಾಲ್ಕು.

ಡೆಬಿಯನ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಮುಕ್ತ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ; ಮುಕ್ತವಲ್ಲದ ತಂತ್ರಾಂಶವನ್ನು ದೂರ ಇಡುವುದೇ ಅದರ ಮಡಿ. ಡೆಬಿಯನ್ 11ರ ತನಕ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸ್ವಾಮ್ಯದ (ತಯಾರಕರ ಹಿಡಿತದಲ್ಲೇ ಇರುವ, ಮುಕ್ತವಲ್ಲದ) ಫರ್ಮ್‌ವೇರ್, ಅಂದರೆ ವೈಫೈ ಕಾರ್ಡಿನಂಥ ಬಿಡಿಭಾಗಗಳೊಳಗೆ ಓಡುವ ಪುಟ್ಟ ತಂತ್ರಾಂಶ, ಇರುತ್ತಿರಲಿಲ್ಲ. ಇಂಟೆಲ್ ವೈಫೈ ಇರುವ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಚುಚ್ಚಿದರೆ ಅರ್ಧ ದಾರಿಯಲ್ಲಿ ಇಂಥ ಫೈಲ್ ಇಲ್ಲ, ತಂದುಕೊಡಿ ಅನ್ನುತ್ತಿತ್ತು. ಫೈಲ್ ತರಲು ನೆಟ್ ಬೇಕು, ನೆಟ್ ಬರಲು ಆ ಫೈಲ್ ಬೇಕು. ಗೊತ್ತಿದ್ದವರು 'ಅನಧಿಕೃತ' ಅನ್ನುವ ಹಣೆಪಟ್ಟಿ ಹಚ್ಚಿ ಮೂಲೆಯಲ್ಲಿ ಇಟ್ಟಿದ್ದ ಇನ್ನೊಂದು ಐಎಸ್‌ಒ (ಇನ್‌ಸ್ಟಾಲರ್ ಫೈಲ್) ಹುಡುಕಿಕೊಳ್ಳುತ್ತಿದ್ದರು. ಮಡಿ ಇದ್ದದ್ದು ಮುಂಬಾಗಿಲಲ್ಲಿ ಮಾತ್ರ, ಹಿತ್ತಿಲ ಬಾಗಿಲು ಸದಾ ತೆರೆದೇ ಇತ್ತು.

2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಇದನ್ನು ಬದಲಿಸಿದರು. 1997ರಿಂದ ಇದ್ದ ಸಾಮಾಜಿಕ ಒಪ್ಪಂದದ (ಬಳಕೆದಾರರಿಗೆ ಡೆಬಿಯನ್ ಕೊಟ್ಟ ಮಾತುಗಳ ಪಟ್ಟಿ) ಐದನೇ ಅಂಶಕ್ಕೆ ಒಂದು ವಾಕ್ಯ ಸೇರಿತು, ಅಧಿಕೃತ ಇನ್‌ಸ್ಟಾಲರ್ ಒಂದೇ ಆಯಿತು, ಅದರೊಳಗೆ ಫರ್ಮ್‌ವೇರ್ ಬಂತು. ತಂತ್ರಾಂಶದ ಪ್ಯಾಕೇಜುಗಳನ್ನು ಇಡುವ ಭಂಡಾರದಲ್ಲಿ ಇದಕ್ಕೆಂದೇ ನಾನ್-ಫ್ರೀ-ಫರ್ಮ್‌ವೇರ್ ಅನ್ನುವ ಹೊಸ ವಿಭಾಗ ತೆರೆದರು. ಬೇಡ ಅನ್ನುವವರು ಇನ್‌ಸ್ಟಾಲರ್ ಶುರುವಾಗುವಾಗಿನ ಬೂಟ್ ಸಾಲಿನಲ್ಲಿ 'ಫರ್ಮ್‌ವೇರ್=ನೆವರ್' ಎಂದು ಕೊಟ್ಟರೆ ಸಾಕು.

ಇದು ಸರಿಯಾದ ನಿರ್ಧಾರ. ವೈಫೈ ಕಾರ್ಡಿನ ಫರ್ಮ್‌ವೇರ್ ಓಡುವುದು ಆ ಕಾರ್ಡಿನ ಮೇಲೆ, ನಮ್ಮ ಪ್ರೊಸೆಸರ್ ಮೇಲಲ್ಲ. ಅದೇ ಕೋಡನ್ನು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಬರೆದು ಕಳಿಸಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಫೈಲ್ ರೂಪದಲ್ಲಿ ಕಣ್ಣಿಗೆ ಕಂಡಿತು ಎಂಬ ಕಾರಣಕ್ಕೆ ಮೈಲಿಗೆ ಆಗುವುದಾದರೆ ಅದು ಸ್ವಾತಂತ್ರ್ಯದ ಲೆಕ್ಕ ಅಲ್ಲ. ಇನ್ನೊಂದು ಮಾತಿದೆ, ಚರ್ಚೆಯಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿಗೂ ಫರ್ಮ್‌ವೇರ್ ಬೇಕು. ಕಣ್ಣು ಕಾಣದವರು ಬೂಟ್ ಮೆನುವಿನಲ್ಲಿ 'ಎಸ್' ಒತ್ತಿ, ಎಂಟರ್ ಕೊಟ್ಟು, ಓದಿಹೇಳುವ ಇನ್‌ಸ್ಟಾಲರ್ ಬಳಸುತ್ತಾರೆ. ಫರ್ಮ್‌ವೇರ್ ಇಲ್ಲದಿದ್ದರೆ ಅದು ಬಾಯೇ ಬಿಡುವುದಿಲ್ಲ.

ಕತ್ತರಿಸಿದ ಒಂದು ಅಂಕ ಎಲ್ಲಿಯದು ಅಂದರೆ, 11ರಿಂದ 12ಕ್ಕೆ ಅಪ್‌ಗ್ರೇಡ್ ಮಾಡಿದವರು ಬೀಳುವ ಗುಂಡಿಯದು. ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಹಳೆಯ ಸೋರ್ಸಸ್.ಲಿಸ್ಟ್ ಫೈಲಿನಲ್ಲಿ 'ಮೇನ್ ಕಾಂಟ್ರಿಬ್ ನಾನ್-ಫ್ರೀ' ಅಂತ ಇರುತ್ತದೆ (ಮೇನ್ ಪೂರ್ತಿ ಮುಕ್ತ, ಕಾಂಟ್ರಿಬ್ ಮುಕ್ತವಾದರೂ ಸ್ವಾಮ್ಯದ್ದನ್ನು ನೆಚ್ಚಿದ್ದು, ನಾನ್-ಫ್ರೀ ಸ್ವಾಮ್ಯದ್ದು). 12ರಲ್ಲಿ ಹೆಚ್ಚಿನ ಫರ್ಮ್‌ವೇರ್ ಪ್ಯಾಕೇಜುಗಳು ಹೊಸ ವಿಭಾಗಕ್ಕೆ ಹೋದವು. ಸಾಲಿಗೆ ಅದರ ಹೆಸರು ಸೇರಿಸದಿದ್ದರೆ ಹಳೆಯ ಫೈಲುಗಳು ಡಿಸ್ಕಿನಲ್ಲೇ ಉಳಿಯುತ್ತವೆ, ವೈಫೈ ಓಡುತ್ತಲೇ ಇರುತ್ತದೆ, ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳೊಳಗೆ ಓಡುವ ಮೈಕ್ರೋಕೋಡ್ ಕೂಡ ಅಲ್ಲಿಗೇ ಹೋಗಿರುವುದರಿಂದ ಪ್ರೊಸೆಸರ್‌ನ ಭದ್ರತಾ ತಿದ್ದುಪಡಿಗಳು ಸದ್ದಿಲ್ಲದೆ ನಿಂತುಬಿಡುತ್ತವೆ. ಆಪ್ಟ್ ಅಪ್‌ಡೇಟ್ (ಪ್ಯಾಕೇಜುಗಳ ಪಟ್ಟಿ ಹೊಸದಾಗಿಸುವ ಆಜ್ಞೆ) ಕೊಟ್ಟಾಗ ಕೊನೆಯಲ್ಲಿ 'ಎನ್:' ಎಂದು ಶುರುವಾಗುವ ಸೂಚನೆ ಬರುತ್ತದೆ, ನಿಜ. ಎರರ್ ಅಲ್ಲವಲ್ಲ, ಯಾರು ಓದುತ್ತಾರೆ!

ಸರಿಪಡಿಸುವುದು ಐದು ನಿಮಿಷದ ಕೆಲಸ. ಮುಖ್ಯ ಸಾಲು, ಸೆಕ್ಯುರಿಟಿ ಸಾಲು, ಅಪ್‌ಡೇಟ್ಸ್ ಸಾಲು, ಈ ಮೂರಕ್ಕೂ ನಾನ್-ಫ್ರೀ-ಫರ್ಮ್‌ವೇರ್ ಸೇರಿಸಿ. ಸೆಕ್ಯುರಿಟಿ ಸಾಲನ್ನು ಮರೆಯುವವರೇ ಜಾಸ್ತಿ. ಹೊಸ ಮಾದರಿಯ ಡೆಬಿಯನ್.ಸೋರ್ಸಸ್ ಫೈಲ್ ಇದ್ದರೆ ಅದರ 'ಕಾಂಪೊನೆಂಟ್ಸ್' ಸಾಲಿನಲ್ಲಿ ಸೇರಿಸಬೇಕು. ಆಮೇಲೆ ಅಪ್‌ಡೇಟ್, ಅಪ್‌ಗ್ರೇಡ್, ರೀಬೂಟ್. ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಆಗಿ, ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆಜ್ಞೆಯ ಔಟ್‌ಪುಟ್‌ನಲ್ಲಿ 'ಫರ್ಮ್‌ವೇರ್' ಪದ ಹುಡುಕಿ ನೋಡಿ. 'ಎರರ್ -2' ಕಂಡರೆ ಕರ್ನಲ್ ಕೇಳಿದ ಫೈಲ್ ಡಿಸ್ಕಿನಲ್ಲಿ ಇಲ್ಲ ಎಂದರ್ಥ. ಅದೇ ಸಾಲಿನಲ್ಲಿ ಫೈಲಿನ ಹೆಸರೂ ಇರುತ್ತದೆ.

ಫರ್ಮ್‌ವೇರ್ ಬಂತು ಅಂದಮಾತ್ರಕ್ಕೆ ಎಲ್ಲ ವೈಫೈ ಓಡುತ್ತದೆ ಎಂದುಕೊಳ್ಳಬೇಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕಾಣಿಸುವ ಬ್ರಾಡ್‌ಕಾಮ್ ಬಿಸಿಎಂ43142 ಚಿಪ್ಪಿಗೆ ಫರ್ಮ್‌ವೇರ್ ಸಾಲದು, ಡ್ರೈವರೇ ಸ್ವಾಮ್ಯದ್ದು. ಅದು ಇರುವುದು ಹಳೆಯ ನಾನ್-ಫ್ರೀ ವಿಭಾಗದಲ್ಲಿ, ಇನ್‌ಸ್ಟಾಲರ್‌ನಲ್ಲಿ ಇಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇನ್‌ಸ್ಟಾಲರ್‌ಗೆ ನೆಟ್ ಸಿಗುತ್ತದೆ. ಇದಕ್ಕೆ ಯಾವ ಫರ್ಮ್‌ವೇರೂ ಬೇಡ. ಮೊಬೈಲ್ ಡೇಟಾ ಬಿಟ್ಟರೆ ಬೇರೆ ನೆಟ್ ಇಲ್ಲದ ಹಳ್ಳಿ ಮನೆಗಳಲ್ಲೂ ಇದೇ ದಾರಿ. ನಂತರ ಬ್ರಾಡ್‌ಕಾಮ್ ಡ್ರೈವರ್ ಕಟ್ಟಲು ಬೇಕಾದ ಲಿನಕ್ಸ್-ಹೆಡರ್ಸ್-ಎಎಂಡಿ64 ಹಾಕಿಕೊಂಡು, ಆ ಡ್ರೈವರಿನ ಪ್ಯಾಕೇಜ್ ಆದ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಹಾಕಿ. ಹೆಡರ್ಸ್ ಮರೆತರೆ ಪ್ಯಾಕೇಜ್ ಕೂತಂತೆ ಕಾಣುತ್ತದೆ, ಮಾಡ್ಯೂಲ್ (ಕರ್ನಲ್‌ಗೆ ಸೇರುವ ಡ್ರೈವರ್ ತುಂಡು) ಮಾತ್ರ ಕಟ್ಟಿರುವುದಿಲ್ಲ. ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇಲ್ಲದ ಕೋಡನ್ನು ತಡೆಯುವ ಕಾವಲು) ಆನ್ ಇದ್ದರೆ ಮಾಕ್‌ಯುಟಿಲ್ ಆಜ್ಞೆಯಿಂದ ಆ ಸಹಿಯ ಕೀ ಸೇರಿಸುವ ಕೆಲಸವೂ ಇದೆ.

ಫರ್ಮ್‌ವೇರ್‌ಗೂ ಇಂಥ ಡ್ರೈವರ್‌ಗೂ ಗೆರೆ ಎಳೆಯಬೇಕಾದ್ದು ಇಲ್ಲೇ. ಡ್ರೈವರ್ ನಮ್ಮ ಕರ್ನಲ್ ಒಳಗೇ ಕೂರುತ್ತದೆ. ತಯಾರಕ ಕೈಬಿಟ್ಟ ದಿನ ಡಿಸ್ಟ್ರೋದವರೂ (ಡೆಬಿಯನ್ ಥರ ಲಿನಕ್ಸ್ ಕಟ್ಟಿಕೊಡುವವರೂ) ಏನೂ ಮಾಡಲಾರರು. ಎನ್‌ವಿಡಿಯಾದ ಫರ್ಮಿ ಪೀಳಿಗೆಯ ಹಳೆಯ ಗ್ರಾಫಿಕ್ಸ್ ಕಾರ್ಡುಗಳನ್ನು ನೋಡಿ. ಅವುಗಳ 390 ಸರಣಿಯ ಡ್ರೈವರ್ 11ರಲ್ಲಿತ್ತು, 12ರಲ್ಲಿ ಇಲ್ಲ. ಅದನ್ನೇ ನಂಬಿ ಅಪ್‌ಗ್ರೇಡ್ ಮಾಡಿದರೆ ಕಪ್ಪು ಪರದೆ ಎದುರಾಗಬಹುದು. ಅಪ್‌ಗ್ರೇಡ್‌ಗೆ ಮುಂಚೆಯೇ ಎನ್‌ವಿಡಿಯಾ ಪ್ಯಾಕೇಜುಗಳನ್ನು ಪರ್ಜ್ ಮಾಡಿ (ಪೂರ್ತಿ ತೆಗೆದುಹಾಕಿ) ಮುಕ್ತ ಡ್ರೈವರ್ ನೂವೋಗೆ ಬನ್ನಿ. ಆಟದ ವೇಗ ಹೋಗುತ್ತದೆ, ಬರವಣಿಗೆಗೆ, ವಿಡಿಯೊಗೆ ತೊಂದರೆ ಇಲ್ಲ. ಆದ್ದರಿಂದ ಫರ್ಮ್‌ವೇರ್ ತಾನಾಗಿ ಬರಲಿ, ಡ್ರೈವರ್ ಮತ್ತು ಉಳಿದ ಸ್ವಾಮ್ಯದ ತಂತ್ರಾಂಶ ಕೇಳಿದವರಿಗೆ ಮಾತ್ರ ಬರಲಿ. ಜಗಲಿಯಲ್ಲಿ ಕೂತ ನೆಂಟನಿಗೂ ಅಡುಗೆಮನೆಗೆ ನುಗ್ಗುವವನಿಗೂ ವ್ಯತ್ಯಾಸ ಇರಲೇಬೇಕು. ಡೆಬಿಯನ್ ಈಗ ಮಾಡುತ್ತಿರುವುದೂ ಅದನ್ನೇ. ಸ್ವಾಮ್ಯದ್ದು ಯಾವುದು ಒಳಗೆ ಬಂದಿದೆ ಎಂದು ನೋಡಲು ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್ ಪ್ಯಾಕೇಜ್ ಹಾಕಿಕೊಳ್ಳಿ, ಪಟ್ಟಿ ಕೊಡುತ್ತದೆ.

ಕನ್ನಡದ ಕೆಲಸಕ್ಕೆ ಸ್ವಾಮ್ಯದ ಯಾವುದೂ ಬೇಡ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು, ಕಗಪ ಕೀಲಿಮಣೆ, ಟೆಸರಾಕ್ಟ್‌ನ ಕನ್ನಡ ಒಸಿಆರ್ (ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶ), ಎಲ್ಲವೂ ಮೇನ್‌ನಲ್ಲೇ ಇವೆ.

ಪ್ರಿಂಟರ್ ಮಾತ್ರ ತಲೆನೋವು. ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿರುವ ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ನೆನಪಿಟ್ಟುಕೊಳ್ಳುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಮತ್ತೆ ತುಂಬಿಸಬೇಕು. ಆ ಫೈಲ್ ನಾನ್-ಫ್ರೀ-ಫರ್ಮ್‌ವೇರ್‌ನಲ್ಲೂ ಇಲ್ಲ. ಎಚ್‌ಪಿ-ಪ್ಲಗಿನ್ ಆಜ್ಞೆ ಕೊಟ್ಟು ಹೊರಗಿನಿಂದ ಇಳಿಸಿಕೊಳ್ಳಬೇಕು. ಪ್ಲಗಿನ್ ಮತ್ತು ಎಚ್‌ಪ್ಲಿಪ್ (ಎಚ್‌ಪಿ ಪ್ರಿಂಟರ್‌ಗಳ ತಂತ್ರಾಂಶ) ಆವೃತ್ತಿ ಒಂದೇ ಇರಬೇಕು. 11ರಿಂದ 12ಕ್ಕೆ ಹೋದಾಗ ಎಚ್‌ಪ್ಲಿಪ್ ಬದಲಾಗುತ್ತದೆ, ಪ್ಲಗಿನ್ ಹಳೆಯದೇ ಉಳಿಯುತ್ತದೆ, ಪಹಣಿ ಪ್ರಿಂಟ್ ಕ್ಯೂನಲ್ಲೇ ನಿಲ್ಲುತ್ತದೆ. ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟು, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ.

ಪೂರ್ತಿ ಮಡಿಯಲ್ಲೇ ಇರುತ್ತೇನೆ ಅನ್ನುವವರಿಗೆ ಪೂರ್ತಿ ಮುಕ್ತ ಲಿನಕ್ಸ್ ಆದ ಟ್ರಿಸ್ಕೆಲ್ ಇದೆ, ಅಥವಾ ಡೆಬಿಯನ್ ಅನ್ನೇ ಮೇನ್‌ನಿಂದ ಮಾತ್ರ ಓಡಿಸಬಹುದು. ಆಗ ಎಆರ್9271 ಚಿಪ್ಪಿರುವ ಯುಎಸ್‌ಬಿ ವೈಫೈ ಕೊಳ್ಳಿ, ಅದರ ಫರ್ಮ್‌ವೇರ್ ಮುಕ್ತವಾಗಿದೆ. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ಎಂದು ಹೆಸರು ಹೇಳಿ ಕೇಳಿದರೆ ಸಾಲದು: ಮೊದಲ ಆವೃತ್ತಿಯಲ್ಲಿ ಮಾತ್ರ ಆ ಚಿಪ್ಪಿದೆ, ಎರಡು ಮತ್ತು ಮೂರನೆಯವು ರಿಯಲ್‌ಟೆಕ್. ಲೇಬಲ್ ಮೇಲೆ ಆವೃತ್ತಿ ನೋಡಿ ದುಡ್ಡು ಕೊಡಿ. ಮನೆಗೆ ಬಂದು ಚುಚ್ಚಿದಾಗ ಯುಎಸ್‌ಬಿ ಪಟ್ಟಿಯಲ್ಲಿ 0ಸಿಎಫ್3:9271 ಅಂತ ಬರಬೇಕು.