ಬಣ್ಣ ಬಳಿದ ಲೋಟಕ್ಕೆ ಬಾಯಿಡುವ ಮುನ್ನ

ವರಮಹಾಲಕ್ಷ್ಮಿ ಹಬ್ಬಕ್ಕೆ ನಾನೇ ಕೈಯಾರೆ ಬಣ್ಣ ಬಳಿದ ಗಾಜಿನ ಲೋಟಗಳನ್ನು ತಾಂಬೂಲದ ಜೊತೆ ಐದು ಮನೆಗಳಿಗೆ ಜೋಡಿ ಜೋಡಿಯಾಗಿ ಕೊಟ್ಟಿದ್ದೆ. ಆಮೇಲೆ ಆ ಮನೆಗಳಿಗೆಲ್ಲ ಹೋಗಿ ಅವನ್ನು ಹಿಂದಕ್ಕೆ ಕೇಳಬೇಕಾಯಿತು. ಅರಿಶಿನ ಕುಂಕುಮವಿಟ್ಟು ಕೊಟ್ಟದ್ದನ್ನು ವಾಪಸು ಕೇಳಲು ನಾಲಿಗೆ ಏಳುವುದಿಲ್ಲ. ಆದರೂ ಕೇಳಿದೆ. ಏಕೆಂದು ಹೇಳುತ್ತೇನೆ.

ಸಂತೆಯಲ್ಲಿ ಡಜನ್ ಲೋಟಕ್ಕೆ 240 ರೂಪಾಯಿ ಕೊಟ್ಟಿದ್ದೆ. ಸ್ಟೇಷನರಿ ಅಂಗಡಿಯಿಂದ ಗ್ಲಾಸ್ ಪೇಂಟಿನ ಆರು ಪುಟ್ಟ ಬಾಟಲಿ, ಗೆರೆ ಎಳೆಯಲು ಕಪ್ಪು ಔಟ್‌ಲೈನರ್ ಟ್ಯೂಬು ತಂದೆ. ‘ಕುಡಿಯುವ ಲೋಟಕ್ಕೆ ಹಚ್ಚಬಹುದೇ?’ ಎಂದು ಕೇಳಿದ್ದೆ. ‘ವಿಷಕಾರಿಯಲ್ಲ ಎಂದು ಬರೆದಿದೆಯಲ್ಲಮ್ಮಾ’ ಎಂದು ಅಂಗಡಿಯವರು ಟ್ಯೂಬನ್ನು ತಿರುಗಿಸಿ ತೋರಿಸಿದರು. ನಂಬಿದೆ. ಮನೆಯಲ್ಲಿ ಬಾಟಲಿಯ ಮುಚ್ಚಳ ತೆಗೆದಾಗ ಟರ್ಪೆಂಟೈನಿನಂಥ ಘಾಟು ಮೂಗಿಗೆ ಹೊಡೆಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನವಿಲುಗರಿ ಬರೆದೆ, ಮಾವಿನ ಎಲೆ ಬರೆದೆ, ಲೋಟದ ಅಂಚಿನ ಸುತ್ತ ಹಸಿರು ಬಳ್ಳಿ ಹಬ್ಬಿಸಿದೆ. ಎರಡು ದಿನ ಒಣಗಿಸಿದೆ. ಬೆಳಕಿಗೆ ಹಿಡಿದರೆ ದೇವಸ್ಥಾನದ ದೀಪದಂತೆ ಹೊಳೆಯುತ್ತಿದ್ದವು.

ಹಬ್ಬ ಕಳೆದು ನಾಲ್ಕನೆಯ ದಿನ ಅಣ್ಣನ ಮಗಳು ಬಂದಿದ್ದಳು. ಐದು ವರ್ಷದ ಕೂಸು. ನನ್ನಲ್ಲಿ ಉಳಿದಿದ್ದ ಎರಡು ಲೋಟಗಳಲ್ಲಿ ಒಂದಕ್ಕೆ ಬಿಸಿ ಬಾದಾಮಿ ಹಾಲು ಹಾಕಿ ಕೊಟ್ಟೆ. ನಮ್ಮ ಮನೆಯಲ್ಲಿ ದೊಡ್ಡವರೆಲ್ಲ ಎತ್ತಿ ಕುಡಿಯುವವರು, ಲೋಟಕ್ಕೆ ತುಟಿ ತಾಗುವುದಿಲ್ಲ. ಮಕ್ಕಳು ಹಾಗಲ್ಲ, ಅಂಚನ್ನು ಕಚ್ಚಿಯೇ ಕುಡಿಯುತ್ತಾರೆ. ‘ಅತ್ತೆ, ಬಾಯಲ್ಲಿ ಏನೋ ಸಿಗುತ್ತಿದೆ’ ಎಂದಳು. ನಾಲಿಗೆ ಚಾಚಿಸಿದರೆ ಬಳ್ಳಿಯ ಕಪ್ಪು ಗೆರೆ ದಾರದಂತೆ ಎದ್ದು ಬಂದಿತ್ತು. ಹಸಿರು ಬಣ್ಣ ಹಾಲಿನ ಬಿಸಿಗೆ ಮೆತ್ತಗಾಗಿ ತುಟಿಗೆ ಅಂಟಿತ್ತು. ಎಷ್ಟು ನುಂಗಿದ್ದಳೋ ತಿಳಿಯಲಿಲ್ಲ. ಬಾಟಲಿಯನ್ನೂ ಹಿಡಿದುಕೊಂಡು ಮಕ್ಕಳ ವೈದ್ಯರ ಬಳಿ ಓಡಿದೆವು. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ತಿಳಿದುಕೊಂಡದ್ದು: ‘ವಿಷಕಾರಿಯಲ್ಲ’ ಎಂಬುದು ಬಣ್ಣ ಬಳಿಯುವ ಕೆಲಸಕ್ಕೆ ಸಂಬಂಧಿಸಿದ ಮಾತು. ಬಣ್ಣ ಬಳಿದ ಪಾತ್ರೆಯಲ್ಲಿ ಕುಡಿಯಬಹುದು, ತಿನ್ನಬಹುದು ಎಂಬ ಅರ್ಥ ಅದಕ್ಕಿಲ್ಲ. ಆಹಾರಕ್ಕೆ ಸುರಕ್ಷಿತ ಎಂದು ಬೇರೆಯಾಗಿ ಬರೆದಿಲ್ಲದಿದ್ದರೆ ಆ ಬಣ್ಣ ಬಾಯಿಗೂ ಅನ್ನಕ್ಕೂ ತಾಗಲೇಬಾರದು. ಲೋಟದ ಒಳಗೆ ಎಂದಿಗೂ ಬೇಡ. ಹೊರಗೆ ಬಳಿದರೂ ಅಂಚಿನಿಂದ ಕೆಳಗೆ ಎರಡು ಬೆರಳಷ್ಟು ಗಾಜನ್ನು ಖಾಲಿ ಬಿಡಿ. ತಟ್ಟೆಯಾದರೆ ಹಿಂಬದಿಗೆ ಮಾತ್ರ.

ಇನ್ನೊಂದು ತಪ್ಪನ್ನೂ ಮಾಡಿದೆ. ಓವನ್ನಿನಲ್ಲಿ ಕಾಯಿಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಉಳಿದ ಲೋಟವನ್ನು ಚೆನ್ನಾಗಿ ಕಾದಿದ್ದ ಓವನ್ನಿನೊಳಗೆ ಇಟ್ಟೆ. ಟಪ್ ಎಂದು ಸೀಳಿತು. ಸಾಮಾನ್ಯ ಗಾಜಿಗೆ ಏಕಾಏಕಿ ಬಿಸಿ ತಾಗಿದರೆ ಹೊರಮೈ ಹಿಗ್ಗುತ್ತದೆ, ಒಳಗಿನದು ಇನ್ನೂ ತಣ್ಣಗೇ ಇರುತ್ತದೆ, ಆ ಎಳೆದಾಟಕ್ಕೆ ಒಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಯಿಸಬೇಕಾದ ಬಣ್ಣವೇ ಬೇರೆ. ಅದು ಹೆಚ್ಚಾಗಿ ನೀರಿನಲ್ಲಿ ಬೆರೆಯುವ ಬಗೆಯದು, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಅದರ ಮೇಲೆಯೇ ಬರೆದಿರುತ್ತದೆ. ಸಾಮಾನ್ಯವಾಗಿ 150 ಡಿಗ್ರಿಯ ಆಸುಪಾಸು, ಅರ್ಧ ಗಂಟೆ. ಲೋಟವನ್ನು ತಣ್ಣನೆಯ ಓವನ್ನಿನಲ್ಲಿ ಇಟ್ಟ ಮೇಲೆಯೇ ಬಿಸಿ ಏರಿಸಬೇಕು, ಆರಿಸಿದ ಮೇಲೂ ಒಳಗೇ ತಣಿಯಲು ಬಿಡಬೇಕು. ಘಾಟಿನ ಬಣ್ಣವನ್ನು ಕಾಯಿಸಿದರೆ ಬರುವುದು ಆವಿ. ಬೆಂಕಿ ಹತ್ತುವ ಭಯವೂ ಇದೆ. ದೀಪಾವಳಿಗೆ ಗಾಜಿನ ಬಟ್ಟಲಿಗೆ ಬಣ್ಣ ಬಳಿದು ಒಳಗೆ ದೀಪ ಇಡುವವರು ಇದನ್ನು ದಯವಿಟ್ಟು ನೆನಪಿಡಿ, ಒಳಮೈಗೆ ಆ ಬಣ್ಣ ಹಚ್ಚಬೇಡಿ.

ಬಣ್ಣದ ಆಸೆ ಇದ್ದರೆ ಹೂದಾನಿ, ಹಳೆಯ ಬಾಟಲಿ, ಕಿಟಕಿಯ ಗಾಜು ಇವೆ. ನಾನೂ ಇನ್ನು ಅವಕ್ಕೇ ಬಳಿಯುತ್ತೇನೆ.

ನಾಲ್ಕು ಮನೆಯ ಎಂಟು ಲೋಟ ಸಿಕ್ಕಿವೆ. ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ, ಒಬ್ಬರು ಬರಿಗೈಯಲ್ಲಿ ಕಳಿಸಬಾರದೆಂದು ಬಾಳೆಹಣ್ಣು ಕೊಟ್ಟು ಕಳಿಸಿದರು. ಐದನೆಯವರು ಮಗನ ಮನೆಗೆಂದು ಹುಬ್ಬಳ್ಳಿಗೆ ಹೋಗಿದ್ದರು, ಲೋಟಗಳೂ ಅವರ ಜೊತೆಗೇ ಹೋಗಿದ್ದವು. ಫೋನಿನಲ್ಲಿ ವಿಷಯ ತಿಳಿಸಿದೆ. ಮೊಮ್ಮಗನ ಮೇಜಿನ ಮೇಲೆ ಪೆನ್ಸಿಲ್ ಹಾಕಿ ಇಟ್ಟಿದ್ದೇವೆ ಎಂದರು.