ಫೋನ್ ಅಪ್‌ಡೇಟ್ ಆದ ಮೇಲೆ ದಾರಿಗೆ ಯಾವ ಆ್ಯಪ್?
ಅಪ್‌ಡೇಟ್ ಆದ ಮೇಲೆ ಮ್ಯಾಪ್ ಕೈಕೊಟ್ಟರೆ ಮೊದಲು ಆ್ಯಪ್ ಬದಲಿಸಬೇಡಿ, ಸೆಟ್ಟಿಂಗ್ಸ್ ನೋಡಿ. ಆಂಡ್ರಾಯ್ಡ್ 12ರಿಂದೀಚೆಗೆ ನಿಖರ ಸ್ಥಳಕ್ಕೆ ಬೇರೆಯೇ ಸ್ವಿಚ್ ಇದೆ. ಅದು ಆಫ್ ಆಗಿದ್ದರೆ ನೀವಿರುವ ಬೀದಿಯ ಬದಲು ಇಡೀ ಬಡಾವಣೆಯನ್ನು ನುಂಗುವ ನೀಲಿ ವೃತ್ತ ಕಾಣುತ್ತದೆ; ಯಾವ ಆ್ಯಪ್‌ಗೆ ಅದು ಆಫ್ ಆಗಿದ್ದರೂ ಅದೇ ಕಥೆ. ಸ್ಕ್ರೀನ್ ಆರಿದೊಡನೆ ದನಿ ನಿಲ್ಲುತ್ತಿದ್ದರೆ ಆ ಆ್ಯಪ್‌ನ ಬ್ಯಾಟರಿ ನಿರ್ಬಂಧ ತೆಗೆಯಿರಿ. ಇಷ್ಟಾದ ಮೇಲೆ ಹೋಲಿಕೆ.

ಬೆಂಗಳೂರಿನ ಟ್ರಾಫಿಕ್‌ಗೆ ಗೂಗಲ್ ಮ್ಯಾಪ್ಸೇ ಮೇಲು. ಆದರೆ ಅದರಲ್ಲಿ ಇಳಿಸಿಟ್ಟ ಮ್ಯಾಪ್‌ಗೆ ಅವಧಿ ಉಂಟು, ನೆಟ್ ಇಲ್ಲದಾಗ ನಡಿಗೆಯ ದಾರಿ ಸಿಗದು.

ಫ್ಲೈಓವರ್ ಹತ್ತಬೇಕೋ, ಕೆಳಗೇ ಹೋಗಬೇಕೋ ಎಂಬ ಗೊಂದಲಕ್ಕೆ ಮ್ಯಾಪ್‌ಮೈಇಂಡಿಯಾ ಕಂಪನಿಯ ಮ್ಯಾಪಲ್ಸ್ ಆ್ಯಪ್ ಒಳ್ಳೆಯದು: ಜಂಕ್ಷನ್ನನ್ನು ಚಿತ್ರದಲ್ಲೇ ತೋರಿಸುತ್ತದೆ, ಹಂಪ್ ಬಗ್ಗೆಯೂ ಎಚ್ಚರಿಸುತ್ತದೆ.

ಘಟ್ಟದಲ್ಲಿ ಸಿಗ್ನಲ್ ಹೋದರೆ ಆರ್ಗ್ಯಾನಿಕ್ ಮ್ಯಾಪ್ಸ್. ಮೊದಲೇ ಇಳಿಸಿಕೊಂಡರೆ ಆ ಪ್ರದೇಶದ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ) ಮಾಹಿತಿ ಪೂರ್ತಿ ಫೋನಿನಲ್ಲೇ ಇರುತ್ತದೆ, ಕಾಲುದಾರಿಯೂ ಸಿಗುತ್ತದೆ. ಟ್ರಾಫಿಕ್ ಮಾತ್ರ ತೋರಿಸದು. ಮನೆ ನಂಬರ್ ಹುಡುಕುವ ಆಸೆಯಂತೂ ಬೇಡ.

ಯಾವುದನ್ನೇ ಆರಿಸಿದರೂ ಹೊರಡುವ ಮುನ್ನ ಏರ್‌ಪ್ಲೇನ್ ಮೋಡ್ ಹಾಕಿ, ಹೋಗಬೇಕಾದ ದಾರಿ ತೆರೆಯುತ್ತದೆಯೇ ನೋಡಿ. ಇಳಿಸಿಟ್ಟ ಮ್ಯಾಪ್ ಅಪ್‌ಡೇಟ್‌ನಲ್ಲಿ ಅಳಿಸಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ.